ಐ ಎಲ್ಲಿ ಸಾರ್?

ಆಫೀಸಿನಿಂದ ಬಂದ ಸಮಾಜ ಸೇವೆಯ ಮೇಲ್‌ನಲ್ಲಿ ‘ಸ್ವಇಚ್ಛೆಯಿಂದ ಭಾಗವಹಿಸಿ’ ಅಂತ ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೇ, ಬರದವರು ಮ್ಯಾನೇಜರ್‌ಗೆ ಕಾರಣ ತಿಳಿಸಬೇಕು ಅಂತಲೂ ಇತ್ತು. ಹಾಗಾಗಿ ಶನಿವಾರ ಬೆಳಗ್ಗೆ ಆರೂವರೆಗೆ ನನ್ನ ಸ್ವಇಚ್ಛೆ ಮೈಸೂರಿನ ರಿಂಗ್ ರೋಡಿನಲ್ಲಿ ಆಕಳಿಸುತ್ತಾ ಬಸ್ಸಿಗೆ ಕಾಯುತ್ತಿತ್ತು. ಹೊರಡುವಾಗ ಅಮ್ಮ, “ರಜಾ ದಿನಾನೂ ಕರೀತಾರಾ? ಓಟಿ ಕೊಡ್ತಾರೇನೋ?” ಅಂದಳು. “ಇಲ್ಲಮ್ಮ, ಸಮಾಜ ಸೇವೆ” ಅಂದೆ. “ಸಂಪು ತೊಳಿ ಅಂದ್ರೆ ಮಾತ್ರ ನಿಂಗೆ ಸೊಂಟ ನೋವು” ಅಂದಳು. ಸುಮ್ನೆ ಶೂ ಹಾಕಿಕೊಂಡೆ.

ಹೋಗಿದ್ದು ಪಾಂಡವಪುರದ ಕಡೆ, ಕಬ್ಬಿನ ಗದ್ದೆಗಳ ಪಕ್ಕದ ಒಂದು ಸರ್ಕಾರಿ ಶಾಲೆಗೆ, ಬಣ್ಣ ಬಳಿಯೋಕೆ. ನಲವತ್ತು ಜನ, ನಲವತ್ತು ಹಳದಿ ಟೀ ಶರ್ಟು, ಒಂದು ಬ್ಯಾನರ್. ಶಾಲೆಗಿದ್ದದ್ದು ನಾಲ್ಕೇ ಕೋಣೆ. ಅದೂ ಹೋದ ವರ್ಷವಷ್ಟೇ ಇನ್ಯಾವುದೋ ಕಂಪನಿಯವರು ಬಣ್ಣ ಬಳಿದು ಹೋಗಿದ್ದ ಗೋಡೆಗಳು. ಚಕ್ಕೆ ಎದ್ದ ಮೂಲೆಯಲ್ಲಿ ಬಗ್ಗಿ ನೋಡಿದರೆ ಮೇಲೆ ನೀಲಿ, ಅದರಡಿ ಗುಲಾಬಿ, ಅದರಡಿ ಸುಣ್ಣ.

ಬಸ್ಸಿನಲ್ಲಿ ಅಕೌಂಟ್ಸ್‌ನ ಗೆಳೆಯ ಇದರ ಗುಟ್ಟು ಬಿಡಿಸಿ ಹೇಳಿದ್ದ. 2014ರ ಏಪ್ರಿಲ್‌ನಿಂದ ಸಿಎಸ್‌ಆರ್, ಅಂದ್ರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಕಾನೂನು ಬಂದಿದೆ. ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಮಾಡಿದ ಕಂಪನಿ ಕೂಡ, ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ಆದರೆ ನಮ್ಮಂಥವರು ಬಿಟ್ಟಿ ದುಡಿದದ್ದಕ್ಕೆ ಬೆಲೆ ಕಟ್ಟಿ ಆ ಖರ್ಚಿಗೆ ಸೇರಿಸೋ ಹಾಗಿಲ್ಲವಂತೆ. “ಅಂದ್ರೆ ಡಬ್ಬದಲ್ಲಿರೋ ಬಣ್ಣಕ್ಕೆ ಲೆಕ್ಕ ಇದೆ, ನನ್ನ ಬೆವರಿಗಿಲ್ಲ. ಮತ್ತೆ ನಮ್ಮನ್ಯಾಕೆ ಹೊತ್ಕೊಂಡು ಹೋಗ್ತಿದಾರೆ?” ಅಂದೆ. “ಡಬ್ಬ ಫೋಟೋದಲ್ಲಿ ನಗಲ್ಲ ಮಾರಾಯ” ಅಂದ.

ಕೈಬರಹ ಚೆನ್ನಾಗಿದೆ ಅಂತ ನನಗೆ ಸ್ವರಗಳನ್ನು ಬರೆಯುವ ಕೆಲಸ ಸಿಕ್ಕಿತು. ಖುಷಿಯಾಯ್ತು, ಸುಳ್ಳು ಯಾಕೆ. ನಾಲಿಗೆ ಹೊರಗೆ ಹಾಕಿಕೊಂಡು, ಒಂದೊಂದು ಅಕ್ಷರಕ್ಕೂ ನೆರಳು ಕೊಟ್ಟು, ‘ಔ’ ಮುಗಿಸಿ ಎರಡು ಹೆಜ್ಜೆ ಹಿಂದೆ ಬಂದು ನೋಡುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಎರಡು ಜಡೆಯ ಪುಟ್ಟ ಹುಡುಗಿ ಬೆರಳಿಟ್ಟು ಎಣಿಸಿ, “ಐ ಎಲ್ಲಿ ಸಾರ್?” ಅಂದಳು.

ಇರಲಿಲ್ಲ! ಏ ಆದಮೇಲೆ ನೇರ ಒಗೆ ಹಾರಿದ್ದೆ. ದಿನವಿಡೀ ಇಂಗ್ಲಿಷ್ ಕುಟ್ಟುವ ಕೈ, ಏನು ಮಾಡೋದು. ಕೊನೆಗೆ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಒತ್ತಿಕೊಂಡು ಕೂರುತ್ತಾರಲ್ಲ, ಹಾಗೆ ಒಂದು ಬಡಕಲು ಐ ತುರುಕಿದೆ.

ಬ್ರಷ್ ತೊಳೆಯೋಕೆ ನೀರು ಕೇಳಿದರೆ ಮಕ್ಕಳು ಬೀದಿ ಕೊನೆಯಿಂದ ಬಕೆಟ್‌ನಲ್ಲಿ ಹೊತ್ತು ತಂದರು. ಆಗ ಹೆಡ್ ಮಿಸ್ಸು ಮೆಲ್ಲಗೆ, “ಬೋರ್‌ವೆಲ್ ಮೋಟಾರು ಸುಟ್ಟು ಎರಡು ತಿಂಗಳಾಯ್ತು ಸಾರ್. ಹೆಣ್ಮಕ್ಳ ಟಾಯ್ಲೆಟ್‌ಗೂ ಹಿಂಗೇ ಹೊರೋದು. ಬಣ್ಣದ ಬದಲು ಅದನ್ನ...” ಅಂದರು. ನಾನು ನಮ್ಮ ಎಚ್‌ಆರ್ ಮೇಡಂಗೆ ಹೇಳಿದೆ. ಅವರು ಕೆಟ್ಟವರಲ್ಲ, ಪಾಪ, ನಿಜವಾಗಿಯೂ ಯೋಚನೆ ಮಾಡಿದರು. “ಆದ್ರೆ ಮೋಟಾರ್ ರಿಪೇರಿಗೆ ಒಬ್ಬ ಮೆಕ್ಯಾನಿಕ್ ಸಾಕಲ್ವಾ? ಉಳಿದವರಿಗೆಲ್ಲ ನಾನೇನು ಆಕ್ಟಿವಿಟಿ ಕೊಡ್ಲಿ?” ಅಂದರು. ಬಸ್ಸಿನ ಬಾಡಿಗೆ, ಟೀ ಶರ್ಟು, ಪೊಟ್ಟಣದ ಬಿಸಿಬೇಳೆ ಬಾತು ಎಲ್ಲ ಸೇರಿಸಿದರೆ ಎರಡು ಮೋಟಾರಾದರೂ ಬರುತ್ತಿತ್ತೇನೋ. ಬಾಯಿಬಿಟ್ಟು ಹೇಳಲಿಲ್ಲ. ಅಪ್ರೈಸಲ್ ಹತ್ತಿರ ಬಂದಿತ್ತು.

ಎದುರಿನ ಜಗಲಿ ಮೇಲೆ ಒಬ್ಬರು ಬೀಡಿ ಸೇದುತ್ತಾ ಬೆಳಗ್ಗೆಯಿಂದ ನಮ್ಮನ್ನೇ ನೋಡುತ್ತಿದ್ದರು. ಊರಿನ ಪೇಂಟರ್ ಅಂತೆ. ನಿಮ್ಮ ಕೆಲಸ ಕಿತ್ಕೊಂಡ್ವೇನೋ ಅಂತ ಸಂಕೋಚದಿಂದಲೇ ಮಾತಾಡಿಸಿದೆ. “ಅಯ್, ಬುಡಿ ಸಾ. ನೀವು ಬಳ್ದು ಹೋಯ್ತಿರಿ, ಸೋಮ್ವಾರ ನಾನು ಸರಿ ಮಾಡ್ತಿನಿ. ನಿಮ್ಮ ಕಂಪ್ನಿಯೋರೇ ಹೇಳವ್ರೆ, ಕೂಲಿ ಮಾತಾಡಾಗದೆ” ಅಂದರು.

ಮುಂದಿನ ವಾರ ಮೇಲ್ ಬಂತು. ನಲವತ್ತು ಜನ ಗುಣಿಲೆ ನಾಲ್ಕು ಗಂಟೆ, ಒಟ್ಟು 160 ಗಂಟೆ ಸೇವೆ. ಊಟ, ಸೆಲ್ಫಿ, ಗೇಟಿನ ಹೊರಗೆ ಕಬ್ಬಿನ ಹಾಲು ಕುಡಿದದ್ದು ಎಲ್ಲ ಅದರಲ್ಲೇ ಸೇರಿತ್ತು. ಜೊತೆಗೆ ನನ್ನ ಸ್ವರಮಾಲೆಯ ಮುಂದೆ ನಿಂತ ಬಾಸ್‌ನ ದೊಡ್ಡ ಫೋಟೋ. ಬಡಕಲು ಐ ಕಾಣುತ್ತಾ ಅಂತ ದೊಡ್ಡದು ಮಾಡಿ ಹುಡುಕಿದೆ. ಏ ಇತ್ತು, ಒ ಇತ್ತು, ನಡುವೆ ಬಾಸ್ ತಲೆ.