ಸಂಕ್ರಾಂತಿಗೆ ಬಿತ್ತಿದ ಅವರೆ

ಹೋದ ವರ್ಷ ಸಂಕ್ರಾಂತಿ ಟೈಮಲ್ಲಿ ಅವರೆಕಾಳು ಸಾರು, ಉಪ್ಪಿಟ್ಟು, ಅಕ್ಕಿರೊಟ್ಟಿ ಎಲ್ಲಾ ತಿಂದು ತೇಗಿದ ಜೋಶಲ್ಲಿ, ಇನ್ಮೇಲೆ ಅವರೆಕಾಯಿಗೆ ದುಡ್ಡು ಕೊಡೋ ಮಾತೇ ಇಲ್ಲ ಅಂತ ಹೆಂಡ್ತಿ ಮುಂದೆ ಘೋಷಣೆ ಮಾಡಿ, ಊರಿಂದ ತಂದಿದ್ದ ನಾಲ್ಕು ಒಣ ಕಾಳನ್ನ ಟೆರೇಸ್ ಮೇಲಿನ ಹಳೇ ಪೇಂಟ್ ಡಬ್ಬದಲ್ಲಿ ಊರಿಬಿಟ್ಟೆ.

ಬಳ್ಳಿ ಬಂತು ನೋಡಿ! ಮಾರ್ಚಲ್ಲಿ ನೀರಿನ ಟ್ಯಾಂಕ್ ಹತ್ತಿತು, ಮೇ ತಿಂಗಳಲ್ಲಿ ಬಟ್ಟೆ ಒಣಹಾಕೋ ತಂತಿ ಹಿಡೀತು, ಜೂನಲ್ಲಿ ಪಕ್ಕದ್ಮನೆಯವರ ಡಿಶ್ಶಿಗೆ ಸುತ್ಕೊಳ್ತು. ಹೂವು ಮಾತ್ರ ಒಂದೇ ಒಂದೂ ಇಲ್ಲ. ಸಗಣಿ ಗೊಬ್ಬರ ಹಾಕ್ದೆ, ಹುಳಿ ಮಜ್ಜಿಗೆ ಹೊಯ್ದೆ, ಖುಷಿಯಾಗಿ ಇನ್ನಷ್ಟು ಎಲೆ ಬಿಡ್ತು.

ಆಮೇಲೆ ಕೋಲಾರದಿಂದ ಬಂದ ಅತ್ತೆ ಟೆರೇಸ್ ಹತ್ತಿ ನೋಡಿ, ಸೆರಗು ಬಾಯಿಗಿಟ್ಕೊಂಡು ನಕ್ರು. "ಅಳಿಯಂದ್ರೇ, ಸಂಕ್ರಾಂತಿಗೆ ಅವರೆ ತಿಂತಾರೆ, ಬಿತ್ತಲ್ಲ." ನಾಟಿ ಅವರೆ ಹಗಲು ಚಿಕ್ಕದಾಗೋವರೆಗೂ ಹೂವೇ ಬಿಡಲ್ವಂತೆ, ಅದಕ್ಕೇ ಮಳೆಗಾಲದಲ್ಲಿ ಬಿತ್ತೋದಂತೆ. ನಮ್ಮ ಬೆಂಗಳೂರಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಇರೋ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ, ನಂಗೆ 50 ವರ್ಷದಿಂದ ಗೊತ್ತಾಗಿರ್ಲಿಲ್ಲ, ಪೇಂಟ್ ಡಬ್ಬದಲ್ಲಿರೋ ಬಳ್ಳಿಗೆ ಗೊತ್ತಾಗುತ್ತೆ! ಯಾವಾಗ ಹಾಕಿದ್ರೂ ಕಾಯಿ ಬಿಡೋ ಹೆಬ್ಬಾಳ ಅವರೆ ತಳೀನ ಕೃಷಿ ವಿಶ್ವವಿದ್ಯಾಲಯದವ್ರು ನನ್ನಂಥೋರಿಗೇ ಅಂತ ಮಾಡಿರ್ಬೇಕು.

ಬಿತ್ತೋದು ಹಿಂಗಾದ್ರೆ ಕೀಳೋ ಕಥೆ ಇನ್ನೊಂದು. ಹೀರೇಕಾಯಿ ಇನ್ನೊಂಚೂರು ದಪ್ಪ ಆಗ್ಲಿ ಅಂತ ಬಿಟ್ಟು ಮದುವೆಗೆ ಅಂತ ಊರಿಗೆ ಹೋಗಿ ಹತ್ತು ದಿನ ಕಳೆದು ಬಂದ್ರೆ ಕತ್ತರಿಸೋಕೆ ಚಾಕು ಇಳೀತಿಲ್ಲ, ಒಳಗೆ ಬರೀ ನಾರು. ಈಗ ಬಚ್ಚಲಲ್ಲಿ ಬೆನ್ನು ಉಜ್ಜೋಕೆ ಇದೆ, ಚೆನ್ನಾಗೇ ಉಜ್ಜುತ್ತೆ. ಬೆಂಡೆ ವಿಷಯದಲ್ಲಿ ಬುದ್ಧಿ ಕಲ್ತು ದಿನಾ ಬೆಳಿಗ್ಗೆ ಹೋಗಿ, ಮಾರ್ಕೆಟ್ಟಲ್ಲಿ ಮಾಡೋ ಹಾಗೆ ತುದಿ ಪಟ್ ಅಂತ ಮುರಿದು ಎಳೇದು ಅಂತ ಗ್ಯಾರಂಟಿ ಮಾಡ್ಕೊಂಡೇ ಕೀಳ್ತಿದ್ದೆ. ಆದ್ರೆ ಮೂರು ಗಿಡದಲ್ಲಿ ದಿನಕ್ಕೆ ಸಿಗೋದು ಒಂದೋ ಎರಡೋ. ಪಲ್ಯಕ್ಕೆ ಸಾಲೋವಷ್ಟಾಗ್ಲಿ ಅಂತ ಫ್ರಿಜ್ಜಲ್ಲಿ ಕೂಡಿಟ್ರೆ, ಹದಿನೈದನೇದು ಬರೋ ಹೊತ್ತಿಗೆ ಮೊದಲನೇದು ಅಂಟಂಟಾಗಿ ಕರ್ರಗೆ ಮಲಗಿತ್ತು.

ಇರ್ಲಿ, ಅವರೆ ಕಥೆ ಮುಗೀಲಿಲ್ಲ. ನವೆಂಬರಲ್ಲಿ ಬಳ್ಳಿ ತುಂಬಾ ಹೂವು! ನಾನು ಬೀದಿಗೆಲ್ಲಾ ಸುದ್ದಿ ಹೇಳ್ದೆ. ಕರಿಹೇನು ಕೂಡ ಅವರ ಬೀದಿಗೆಲ್ಲಾ ಹೇಳಿರ್ಬೇಕು. ಉಳಿದ ಕಾಯಿ ಕಿತ್ತಿದ್ದು ಜನವರೀಲಿ, ಅವರೆಬೇಳೆ ಮೇಳ ನೋಡೋಕೆ ಹೋದ ಹೆಂಡ್ತಿ ಐದು ಕೆಜಿ ಹೊತ್ಕೊಂಡು ಬಂದ ದಿನಾನೇ. ನಾನೂ ಹಠಕ್ಕೆ ನಮ್ಮ ಬೆಳೇನ ಬೇರೆ ಬಟ್ಟಲಲ್ಲಿ ನೆನೆಹಾಕಿದ್ದೆ, ಎಣಿಸಿದ್ದೆ, 40 ಕಾಳು. ಮಾರನೇ ದಿನ ಹಿತುಕೋಕೆ ಕೂತಾಗ ಮೊದಲನೇದೇ ಹೆಬ್ಬೆರಳ ಸಂದಿಂದ ಪುಚಕ್ ಅಂತ ಹಾರಿ ಫ್ರಿಜ್ ಕೆಳಗೆ ಹೋಯ್ತು.

"ರೀ, 39," ಅಂದ್ಲು ಹೆಂಡ್ತಿ, ತಲೆ ಎತ್ತದೆ.