ಉಪ್ಪಿಟ್ಟು ಎಷ್ಟನೇ ಮೇಳ?

ನಮ್ಮ ಮನೆಯ ದೊಡ್ಡ ಬಾಣಲೆಯ ತಳದಲ್ಲಿ ಅಂಗೈ ಅಗಲದ ಒಂದು ಕಪ್ಪು ಕಲೆ ಇದೆ. ಹುಣಸೆಹಣ್ಣು, ಸೋಡಾ ಪುಡಿ, ತೆಂಗಿನ ನಾರು ಎಲ್ಲ ಆಯಿತು. ಹೋಗಲಿಲ್ಲ. ನನ್ನ ಹೆಂಡತಿ ಆ ಕಲೆಗೆ 'ಆಹಿರಿ' ಅಂತ ರಾಗದ ಹೆಸರಿಟ್ಟಿದ್ದಾಳೆ. ಬಂದ ನೆಂಟರಿಗೆಲ್ಲ ತೋರಿಸುತ್ತಾಳೆ. ಆ ಹೆಸರು ಯಾಕೆ ಬಂತು ಅಂತ ವಿವರಿಸುವ ಕೆಲಸ ನನ್ನದು.

ನಾವು ಐದು ಜನ. ಪರಿಚಯವಾದದ್ದು ರಾಮನವಮಿ ಸಂಗೀತ ಕಚೇರಿಗಳಲ್ಲಿ, ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಚಪ್ಪರದ ಕೆಳಗೆ. ಆಲಾಪನೆ ಶುರುವಾದ ಅರ್ಧ ನಿಮಿಷಕ್ಕೆ ನಾನು ಪಕ್ಕದವರಿಗೆ ಕೇಳುವ ಹಾಗೆ 'ಆಭೋಗಿ' ಅಂದೆ. ಪಕ್ಕದವರು ನನಗೆ ಕೇಳುವ ಹಾಗೆ 'ಶ್ರೀರಂಜನಿ' ಅಂದರು. ಎರಡು ರಾಗಕ್ಕೂ ಅಷ್ಟೇ ವ್ಯತ್ಯಾಸ: ನಿಷಾದ, ಅಂದರೆ 'ನಿ' ಸ್ವರ, ಬಂದರೆ ಶ್ರೀರಂಜನಿ, ಬರದಿದ್ದರೆ ಆಭೋಗಿ. ಗಾಯಕರು ಮೇಲಿನ ನಿಷಾದದ ತನಕ ಹೋಗುವವರೆಗೆ ಕಾಯುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಮುಂದಿನ ಸಾಲಿನವರು ತಿರುಗಿ 'ಶ್ಶ್' ಅಂದರು. ಆ 'ಶ್ಶ್'ನಲ್ಲೇ ನಮ್ಮ ಸ್ನೇಹ ಹುಟ್ಟಿತು. ಆಮೇಲೆ ಪಾನಕ ಕುಡಿಯುವಾಗ ಇನ್ನೂ ಮೂವರು ಸೇರಿಕೊಂಡರು.

ಆ ಪಕ್ಕದವರು ಲೆಕ್ಕದ ಮೇಡಂ. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಇನ್ನೊಬ್ಬರು ಕನ್ನಡ ಮೇಷ್ಟ್ರು. ಮತ್ತೊಬ್ಬರು ಧಾರವಾಡದವರು, ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ಮಾತಿನ ಒಂದಕ್ಷರ ಸವೆದಿಲ್ಲ. ಕೊನೆಯವನು ಸಾಫ್ಟ್‌ವೇರ್ ಹುಡುಗ, ಮೃದಂಗ ಕಲಿಯುತ್ತಿದ್ದಾನೆ. ಕಾಫಿ ಲೋಟ ಸಿಕ್ಕಿದರೂ ಅದರ ಮೇಲೆ ಬೆರಳಾಡಿಸುತ್ತಾನೆ.

ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಸೇರಿ ಆಟ ಆಡುತ್ತೇವೆ. ಪ್ರತಿಯೊಬ್ಬರೂ ಸಂಗೀತದ ಬಗ್ಗೆ ಐದು ಪ್ರಶ್ನೆ ಚೀಟಿಯಲ್ಲಿ ಬರೆದು ತಂದು ಸ್ಟೀಲ್ ಡಬ್ಬಕ್ಕೆ ಹಾಕಬೇಕು. ಸರಿ ಉತ್ತರಕ್ಕೆ ಒಂದು ಗೋಡಂಬಿ. ಕೊನೆಯಲ್ಲಿ ಯಾರ ಹತ್ತಿರ ಕಡಿಮೆ ಗೋಡಂಬಿ ಇರುತ್ತದೋ ಅವರು ಎಲ್ಲರಿಗೂ ತಿಂಡಿ ಕೊಡಿಸಬೇಕು. ಮೊಬೈಲುಗಳೆಲ್ಲ ದೇವರ ಮನೆಯಲ್ಲಿ. ಈ ನಿಯಮಗಳಲ್ಲಿ ಎರಡು ತೂತಿದ್ದವು. ಒಂದು, ಹುಡುಗನ ಕೈಗಡಿಯಾರಕ್ಕೂ ಇಂಟರ್ನೆಟ್ ಬರುತ್ತಿತ್ತು. ನಾಲ್ಕು ತಿಂಗಳು ಅವನೇ ಗೆದ್ದ ಮೇಲೆ ನಮಗೆ ಗೊತ್ತಾಯಿತು. ಎರಡು, ಮೇಷ್ಟ್ರು ತಮ್ಮ ಅಂಕಗಳನ್ನು ತಿಂದುಬಿಡುತ್ತಿದ್ದರು.

ಆ ಭಾನುವಾರ ನಮ್ಮ ಮನೆಯ ಸರದಿ. ಹೆಂಡತಿ ಹಿಂದಿನ ದಿನವೇ ತವರಿಗೆ ಹೋಗಿದ್ದಳು. ಹೋಗುವಾಗ, "ರವೆ ಹುರಿದಿಟ್ಟಿದೀನಿ, ನೀರು ಕುದಿಸಿ ಹಾಕಿ ಮುಚ್ಚಿಡಿ, ಅಷ್ಟೇ. ಅಷ್ಟೂ ಆಗೋದಿಲ್ವಾ?" ಅಂದಿದ್ದಳು. ಆಗುತ್ತದೆ ಅಂದಿದ್ದೆ.

ಮೊದಲ ಚೀಟಿಯೇ ನನ್ನ ಮಾನ ಕಳೆಯಿತು. "ಬ್ರೋಚೇವಾರೆವರುರಾ ಯಾರ ರಚನೆ?" ಅಯ್ಯೋ, ಇದೂ ಒಂದು ಪ್ರಶ್ನೆಯಾ? ಖಮಾಸ್ ರಾಗ, ತೆಲುಗು ಸಾಹಿತ್ಯ, ರಾಮನನ್ನು ಕೂಗುವ ಹಾಡು. "ತ್ಯಾಗರಾಜರು!" ಅಂದೆ. ಅಂದು ಗೋಡಂಬಿಗೆ ಕೈಯನ್ನೂ ಚಾಚಿದೆ. ಮೇಷ್ಟ್ರು ನನ್ನ ಕೈಯನ್ನು ಹಿಡಿದು ಹಿಂದಕ್ಕೆ ಇಟ್ಟರು.

"ನಿಮ್ಮ ಊರು ಯಾವುದು ಸ್ವಾಮಿ?"

"ಮೈಸೂರು."

"ಮೈಸೂರಿನ ಯಾವ ಬೀದಿ ಅಂತ ಕೇಳೋದಿಲ್ಲ. ಬೀದಿಯವರಿಗೆ ಬೇಜಾರಾಗುತ್ತೆ."

ಅದು ಮೈಸೂರು ವಾಸುದೇವಾಚಾರ್ಯರ ರಚನೆ. 1865ರಲ್ಲಿ ಹುಟ್ಟಿ 1961ರ ತನಕ ಬಾಳಿದವರು, ಅರಮನೆಯ ವಿದ್ವಾಂಸರು. ಚರಣದಲ್ಲಿ 'ವಾಸುದೇವ' ಅಂತ ಅವರ ಅಂಕಿತ ಎದ್ದು ಕೂತಿದೆ. ಮೂವತ್ತು ವರ್ಷದಿಂದ ಆ ಹಾಡು ಕೇಳಿ ತಲೆದೂಗಿದ್ದೇನೆ. ತಲೆ ತೂಗುವಾಗ ಕಿವಿ ಎಲ್ಲಿತ್ತೋ! ತಪ್ಪಿಸಿಕೊಳ್ಳಲು, ನಾವು ಕೂತಿರೋದು ತ್ಯಾಗರಾಜನಗರದಲ್ಲಿ, ಅದಕ್ಕೇ ಬಾಯಿಗೆ ಆ ಹೆಸರು ಬಂತು ಅಂದೆ. ಯಾರೂ ಒಪ್ಪಲಿಲ್ಲ. ಮುಂದಿನ ಚೀಟಿ 'ಕೃಷ್ಣಾ ನೀ ಬೇಗನೆ ಬಾರೋ'. ಧಾರವಾಡದವರು ಪುರಂದರದಾಸರು ಅಂದು ನನ್ನ ಪಕ್ಕಕ್ಕೆ ಬಂದು ಬಿದ್ದರು. ಅದು ವ್ಯಾಸರಾಯರದು. ನನಗೆ ತುಂಬ ಸಮಾಧಾನವಾಯಿತು.

ಮೇಷ್ಟ್ರು ಒಂದು ಬಾಂಬ್ ತಂದಿದ್ದರು. ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕಚೇರಿಯಾದಾಗ ಅದರ ಖರ್ಚಿಗೆ ಜಾಮೀನು ನಿಂತವರು ಯಾರು? ಹುಡುಗ ಅಭ್ಯಾಸಬಲದಿಂದ ಬರಿ ಮಣಿಕಟ್ಟು ನೋಡಿಕೊಂಡ. ಉತ್ತರ, ನಮ್ಮ ಜಯಚಾಮರಾಜ ಒಡೆಯರು. ಈ ಕಡೆ ಶ್ರೀವಿದ್ಯೆಯ ಮೇಲೆ 94 ಕೃತಿ ರಚಿಸಿದವರು, ಆ ಕಡೆ ಜರ್ಮನ್ ಹಾಡಿಗೂ ಒತ್ತಾಸೆಯಾದವರು. ಯಾರಿಗೂ ಬರಲಿಲ್ಲ. ಯಾರಿಗೂ ಬರದಿದ್ದರೆ ಗೋಡಂಬಿ ಪ್ರಶ್ನೆ ಕೇಳಿದವರಿಗೆ ಅಂತ ಮೇಷ್ಟ್ರು ಆ ಕ್ಷಣವೇ ಒಂದು ನಿಯಮ ಮಾಡಿ, ತಿಂದರು.

ನಿಜವಾದ ಯುದ್ಧ ಶುರುವಾದದ್ದು ತೋಡಿಯಿಂದ. ತೋಡಿ ರಾಗದಲ್ಲಿ ಬರುವ ಮಧ್ಯಮ, ಅಂದರೆ 'ಮ' ಸ್ವರ, ಯಾವುದು? "ಶುದ್ಧ ಮಧ್ಯಮ" ಅಂದರು ಮೇಡಂ. ಅದೇ ಗಳಿಗೆಯಲ್ಲಿ "ತೀವ್ರ ಮಧ್ಯಮ" ಅಂದರು ಧಾರವಾಡದವರು. ಕರ್ನಾಟಕ ಸಂಗೀತದಲ್ಲಿ ಅದಕ್ಕೆ ಪ್ರತಿ ಮಧ್ಯಮ ಅನ್ನುತ್ತಾರೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನ್ ಹೇಳ್ತೀರಿ ಮೇಡಂ? ನಮ್ಮೂರಾಗ ಸಣ್ಣ ಹುಡುಗ್ರನ್ನ ಕೇಳಿದ್ರೂ ಹೇಳ್ತಾವು. ಭೀಮಸೇನ ಜೋಶಿಯವ್ರು ಹಾಡಿದ ತೋಡಿ ಸುಳ್ಳೇನ್ರಿ?"

ಇಬ್ಬರೂ ಸರಿ. ಅದೇ ತೊಂದರೆ. ನಮ್ಮ ಕರ್ನಾಟಕ ಸಂಗೀತದ ತೋಡಿಯ ಸ್ವರಗಳಿಗೆ ಹಿಂದೂಸ್ತಾನಿಯಲ್ಲಿ ಭೈರವಿ ಅಂತ ಹೆಸರು. ನಮ್ಮ ಭೈರವಿ ಬೇರೆ. ಅವರ ತೋಡಿಯ ಸ್ವರಗಳು ನಮ್ಮಲ್ಲಿ ಶುಭಪಂತುವರಾಳಿ. ಅವರ ಮಾಲಕಂಸ ನಮ್ಮ ಹಿಂದೋಳ. ಸರಿ, ಹಾಗಾದರೆ ಅವರ ಹಿಂದೋಲ? ಅದು ಇನ್ನೇನೋ. ಒಂದೇ ಬೀದಿಯಲ್ಲಿ ಒಂದೇ ಹೆಸರಿನ ನಾಲ್ಕು ಮನೆ ಇದ್ದು ಕೊರಿಯರ್ ಹುಡುಗ ಪೇಚಾಡಿದ ಹಾಗೆ. ಮುಕ್ಕಾಲು ಗಂಟೆ ವಾದ ನಡೆಯಿತು. ಕೊನೆಗೆ ಮೇಷ್ಟ್ರು, "ಕರ್ನಾಟಕಕ್ಕೆ ಎರಡೂ ಸಂಗೀತ ಬೇಕು, ಅರ್ಧರ್ಧ" ಅಂತ ಗೋಡಂಬಿಯನ್ನು ಇಬ್ಭಾಗ ಮಾಡಿದರು. ಮುರಿಯುವಾಗ ಉದುರಿದ ಚೂರು ಅವರಿಗೆ.

ನಾನು ಎದ್ದು ಹೋಗಿ ಒಗ್ಗರಣೆ ಹಾಕಿ, ನೀರು ಕುದಿಸಿ, ರವೆ ಸುರಿದು, ಸಣ್ಣ ಉರಿಯಲ್ಲಿ ಮುಚ್ಚಿಟ್ಟು ಬಂದೆ. "ಐದು ನಿಮಿಷ, ಉಪ್ಪಿಟ್ಟು ರೆಡಿ" ಅಂದೆ. ಅಂದದ್ದೇ ತಪ್ಪಾಯಿತು.

"ಉಪ್ಪಿಟ್ಟು ಎಷ್ಟನೇ ಮೇಳ?" ಅಂದ ಹುಡುಗ, ಸುಮ್ನೆ ತಮಾಷೆಗೆ.

ಲೆಕ್ಕದ ಮೇಡಂ ತಮಾಷೆ ಅಂದುಕೊಳ್ಳಲಿಲ್ಲ. ಕನ್ನಡಕ ಏರಿಸಿದರು. ಗೊತ್ತಿಲ್ಲದವರಿಗೆ ಹೇಳಬೇಕು, ನಮ್ಮ 72 ಮೇಳಕರ್ತ ರಾಗಗಳ, ಅಂದರೆ ಮೂಲ ರಾಗಗಳ, ಹೆಸರಲ್ಲೇ ಅವುಗಳ ನಂಬರ್ ಅಡಗಿದೆ. ಕಟಪಯಾದಿ ಸೂತ್ರ ಅಂತ. 'ಕಾದಿ ನವ, ಟಾದಿ ನವ, ಪಾದಿ ಪಂಚ, ಯಾದ್ಯಷ್ಟ'. ಅಂದರೆ ಕ, ಟ, ಪ, ಯ ಈ ನಾಲ್ಕಕ್ಕೂ 1. ಅಲ್ಲಿಂದ ಮುಂದೆ ಎಣಿಸುತ್ತಾ ಹೋಗೋದು. ನ, ಞ ಮತ್ತು ಬರಿ ಸ್ವರಕ್ಕೆ ಸೊನ್ನೆ. ಹೆಸರಿನ ಮೊದಲ ಎರಡು ಅಕ್ಷರದ ಅಂಕಿ ಬರೆದು ತಿರುಗಿಸಿದರೆ ಮೇಳ ಸಂಖ್ಯೆ. ಧೀರಶಂಕರಾಭರಣದಲ್ಲಿ ಧೀ 9, ರ 2. ತಿರುಗಿಸಿದರೆ 29. ಈ ಲೆಕ್ಕ ಕೂರಿಸೋಕೇ ಪಾಪದ ಶಂಕರಾಭರಣಕ್ಕೆ 'ಧೀರ' ಅಂಟಿಸಿದ್ದು, ತೋಡಿಗೆ 'ಹನುಮ' ಅಂಟಿಸಿದ್ದು.

"ಉ ಸೊನ್ನೆ. ಪ ಒಂದು. ತಿರುಗಿಸಿದರೆ 10. ನಾಟಕಪ್ರಿಯ" ಅಂದರು ಮೇಡಂ.

ಅಡುಗೆಮನೆಯ ಕಡೆ ನೋಡಿ ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಯಾರನ್ನೂ ತಡೆಯೋಕೆ ಆಗಲಿಲ್ಲ. ಕಾಫಿ 21, ಕೀರವಾಣಿ. ಇಡ್ಲಿ 30, ನಾಗಾನಂದಿನಿ. ವಡೆ 34, ವಾಗಧೀಶ್ವರಿ. ಚಟ್ನಿಯಲ್ಲಿ ಒತ್ತಿನ ನ ಸೊನ್ನೆ, 06 ಅಂದರೆ 6, ತಾನರೂಪಿ. ದೋಸೆ? ದ 8, ಸ 7. 78! ಇರೋದೇ 72. ದೋಸೆ ಮೇಳಕರ್ತದ ಕಾವಲಿಯಿಂದ ಹೊರಗೆ ಹರಿದುಹೋಯಿತು.

ತಿಂಡಿ ಮುಗಿದ ಮೇಲೆ ನೆಂಟರು. ಮಾವ 45, ಶುಭಪಂತುವರಾಳಿ. "ಅಳೋ ರಾಗ ರೀ ಅದು, ಪಾಪ" ಅಂದರು ಮೇಷ್ಟ್ರು, ತಾವೇ ಇಬ್ಬರು ಹೆಣ್ಣುಮಕ್ಕಳನ್ನು ಕೊಟ್ಟ ಮಾವ. "ನಮ್ಮ ತೋಡಿ ಅದು" ಅಂತ ಧಾರವಾಡದವರು ಮತ್ತೆ ಶುರುಮಾಡುವವರಿದ್ದರು, ಬಾಯಿಗೆ ಅರ್ಧ ಗೋಡಂಬಿ ಹಾಕಿದೆವು. ಅತ್ತೆಗೆ ಅ ಸೊನ್ನೆ, ತ 6. 60, ನೀತಿಮತಿ! ಮೇಡಂ ಮುಖ ಮಂಗಳಾರತಿ ತಟ್ಟೆಯ ಹಾಗೆ ಬೆಳಗಿತು. ಅವರೂ ಅತ್ತೆಯೇ. "ನಾನು ಹೇಳಿದ್ದಲ್ಲ, ಶಾಸ್ತ್ರ ಹೇಳ್ತಿದೆ" ಅಂದರು.

"ಸೊಸೆ, ಮೇಡಂ?"

ಸೊ 7, ಸೆ 7. ಹಿಂದೆ ಮುಂದೆ ಹೇಗೆ ತಿರುಗಿಸಿದರೂ 77. ಮೇಳದ ಹೊರಗೆ. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಎರಡನೇ ಸಲ ಲೆಕ್ಕ ಹಾಕಿದರು. 77. "ನಾನೇನೂ ಹೇಳಿಲ್ಲಪ್ಪ" ಅಂದರು ಮತ್ತೆ. ಅಳಿಯನನ್ನೂ ನೋಡಿಬಿಡೋಣ ಅಂದರೆ, 'ಯಾದ್ಯಷ್ಟ' ಹ ಅಕ್ಷರಕ್ಕೇ ಮುಗಿಯುತ್ತದೆ, ಳ ಅದರಲ್ಲಿ ಇಲ್ಲವೇ ಇಲ್ಲ. ಅಳಿಯನ ಲೆಕ್ಕ ಸಿಗಲಿಲ್ಲ. ಯಾರ ಮನೆಯಲ್ಲಿ ಸಿಕ್ಕಿದೆ ಹೇಳಿ.

ಈ ಗದ್ದಲದಲ್ಲೇ ಹುಡುಗ ಡಬ್ಬದಿಂದ ಇನ್ನೊಂದು ಚೀಟಿ ತೆಗೆದ. "ಬೆಳಿಗ್ಗೆ ಹೊತ್ತು ಹಾಡಬಾರದು ಅನ್ನುವ ರಾಗ ಯಾವುದು, ಯಾಕೆ?" ಈ ಸಲ ನನಗೆ ಗೊತ್ತಿತ್ತು. ಆಹಿರಿ! ಬೆಳಿಗ್ಗೆ ಆಹಿರಿ ಹಾಡಿದರೆ ಆ ದಿನ ಅನ್ನ ಹುಟ್ಟೋದಿಲ್ಲ ಅಂತ ಹಳಬರ ನಂಬಿಕೆ. ಗೋಡಂಬಿ ಬಂತು. ಅಷ್ಟಕ್ಕೆ ಬಿಟ್ಟಿದ್ದರೆ ಆಗಿತ್ತು. "ಅದೆಲ್ಲ ಮೂಢನಂಬಿಕೆ, ಎಂಥ ಕರುಣೆಯ ರಾಗ ಗೊತ್ತಾ" ಅಂತ ದೇವರ ಮನೆಯಿಂದ ಮೊಬೈಲ್ ತಂದು ನಾನೇ ಒಂದು ಹಳೆಯ ಧ್ವನಿಮುದ್ರಣ ಹಾಕಿದೆ. ಗಂಟೆ ಒಂಬತ್ತೂವರೆ.

ಐದೂ ಜನ ಬಾಯಿಮುಚ್ಚಿ ಕೂತರು. ಆ ಬೆಳಿಗ್ಗೆ ಅದೇ ಮೊದಲ ಸಲ. ಆಹಿರಿ ಅಂದರೆ ಹಾಗೆಯೇ. ಸ್ವರ ನೆಟ್ಟಗೆ ನಿಲ್ಲೋದಿಲ್ಲ, ಬಿಕ್ಕಿ ಬಿಕ್ಕಿ ಇಳಿಯುತ್ತದೆ. ಮೇಷ್ಟ್ರು ಕಣ್ಣೊರೆಸಿಕೊಂಡರು. ಹುಡುಗನ ಬೆರಳು ಲೋಟದ ಮೇಲೆ ನಿಂತುಬಿಟ್ಟಿತು. ಸ್ವಲ್ಪ ಹೊತ್ತಿಗೆ ಅವನು ಮೂಗು ಅರಳಿಸಿ, "ಸರ್, ಏನೋ..." ಅಂದ.

ನಾವು ನಾಲ್ವರೂ ತಿರುಗಿ "ಶ್ಶ್!" ಅಂದೆವು.

ಅವನು ಸುಮ್ಮನಾದ. ಹಾಡು ಮುಗಿಯುವ ಹೊತ್ತಿಗೆ ನಡುಮನೆಗೆ ಹೊಗೆ ಬಂದಿತ್ತು. ಮುಚ್ಚಳ ತೆಗೆದರೆ ಉಪ್ಪಿಟ್ಟು ನಿಜಕ್ಕೂ ನಾಟಕ ಮಾಡಿತ್ತು. ಮೇಲೆ ಬೆಳ್ಳಗೆ, ಏನೂ ಆಗದವರ ಹಾಗೆ. ಸೌಟು ಹಾಕಿದರೆ ತಳ ಅಲ್ಲಾಡಲಿಲ್ಲ. ಧಾರವಾಡದವರು ಬಗ್ಗಿ ನೋಡಿ, "ಮೂಢನಂಬಿಕಿ ಭಾಳ ಖಡಕ್ ಐತ್ರಿ" ಅಂದರು.

ಬೀದಿ ಕೊನೆಯ ದರ್ಶಿನಿಗೆ ಹೋದೆವು. ಹತ್ತೂವರೆ ಆಗಿತ್ತು. ಇಡ್ಲಿ ಖಾಲಿ, ವಡೆ ಖಾಲಿ, ಖಾರಾಬಾತ್ ಖಾಲಿ. "ದೋಸೆ ಮಾತ್ರ ಇದೆ ಸಾರ್" ಅಂದ ಕೌಂಟರಿನವನು. ಐವರೂ ಯಾಕೆ ಹಾಗೆ ನಕ್ಕರು ಅಂತ ಅವನಿಗೆ ಅರ್ಥವಾಗಲಿಲ್ಲ.

ಇನ್ನು ದುಡ್ಡು ಯಾರು ಕೊಡೋದು? ಗೋಡಂಬಿ ಎಣಿಸಿದರೆ ನನ್ನ ಹತ್ತಿರ ಒಂದು, ಮೇಷ್ಟ್ರ ಹತ್ತಿರ ಸೊನ್ನೆ. ನನ್ನವು ಒಳಗಿವೆ, ಲೆಕ್ಕಕ್ಕೆ ತಗೊಳ್ಳಬೇಕು ಅಂತ ಹೊಟ್ಟೆ ತಟ್ಟಿ ವಾದಿಸಿದರು. ಮೇಡಂ, ಸಾಕ್ಷಿ ಇಲ್ಲದ ಉತ್ತರಕ್ಕೆ ಅಂಕ ಕೊಡೋದಿಲ್ಲ ಅಂದರು. ಮೇಷ್ಟ್ರು ಜುಬ್ಬದ ಜೇಬು ತಡಕಿದರು. ಎಡಗಡೆ ಪಂಚಾಂಗ, ಬಲಗಡೆ ಬಸ್ ಪಾಸ್. ನನ್ನ ಕಡೆ ತಿರುಗಿ, "ಒಂದು ಐನೂರು ಸಾಲ ಕೊಟ್ಟಿರಿ ಸ್ವಾಮಿ" ಅಂದರು.

ನಾನು ಪರ್ಸ್ ತೆಗೆದೆ. ಮೇಡಂ ಬೆರಳು ಮಡಚುತ್ತಿದ್ದರು.

"ಸ 7, ಲ 3. ತಿರುಗಿಸಿದರೆ 37. ಸಾಲಗ" ಅಂದರು. "ಶುದ್ಧ ಮಧ್ಯಮ ಎಲ್ಲ ಮುಗಿದು, ಪ್ರತಿ ಮಧ್ಯಮ ಶುರುವಾಗೋದೇ ಅಲ್ಲಿಂದ. ಇದು ವಾಪಸ್ ಬರೋದಿಲ್ಲ."