ಎದ್ದು ನಿಂತ ಮಾತ್ರಕ್ಕೆ ಮೋಸವಲ್ಲ: ಒಂದು ಸ್ಪಷ್ಟನೆ

ಪಂದ್ಯ ಮುಗಿದ ಮೇಲೆ ಗಾಲಿಕುರ್ಚಿಯಿಂದ ಎದ್ದು ನಡೆಯುವ ಆಟಗಾರ್ತಿಯರು ಅಂಗವೈಕಲ್ಯದ ಸೋಗು ಹಾಕಿದವರು ಎಂಬ ಮಾತು ಹರಿದಾಡುತ್ತಿದೆ, ಇದು ತಪ್ಪು. ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ನಡೆಯಲು ಬಾರದಿರುವುದು ಅರ್ಹತೆಯ ಷರತ್ತೇ ಅಲ್ಲ. ಜರ್ಮನಿಯ ಮರೈಕೆ ಮಿಲ್ಲರ್ ಅವರನ್ನೇ ನೋಡಿ: ಮೊದಲು ನಿಂತು ಆಡುವ ಬ್ಯಾಸ್ಕೆಟ್‌ಬಾಲ್‌ನಲ್ಲಿದ್ದ ಅವರು ಮಂಡಿಯ ಗಾಯಗಳಿಂದಾಗಿ ಅದನ್ನು ಬಿಟ್ಟು ಗಾಲಿಕುರ್ಚಿಯ ಆಟಕ್ಕೆ ಬಂದರು, 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನವನ್ನೂ 2016ರ ರಿಯೊದಲ್ಲಿ ಬೆಳ್ಳಿಯನ್ನೂ ಗೆದ್ದ ತಂಡಗಳಲ್ಲಿ ಆಡಿದರು. ಸೊಂಟ, ಕಾಲುಗಳ ಮೇಲೆ ಹೆಚ್ಚು ಹಿಡಿತವಿರುವವರಿಗೆ ಅನುಕೂಲವಾಗುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕಾಗಿಯೇ ಚಲನೆಯ ಸಾಮರ್ಥ್ಯವನ್ನು ನೋಡಿ ಪ್ರತಿಯೊಬ್ಬರಿಗೂ 1.0ರಿಂದ 4.5ರವರೆಗೆ ಅಂಕ ಕೊಡುತ್ತಾರೆ; ಸಾಮರ್ಥ್ಯ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಒಂದು ತಂಡದಿಂದ ಅಂಕಣದಲ್ಲಿರುವ ಐವರ ಈ ಅಂಕಗಳ ಮೊತ್ತ 14 ದಾಟುವಂತಿಲ್ಲ. ಮಿಲ್ಲರ್ ಅವರದು 4.5, ಅಂದರೆ ಉಳಿದ ನಾಲ್ವರು 9.5ರೊಳಗೇ ಹೊಂದಿಕೊಳ್ಳಬೇಕು. ಇನ್ನು, ಆಟದ ನಡುವೆ ಆಸನದಿಂದ ಮೇಲೆದ್ದು ಲಾಭ ಪಡೆದರೆ ಅದು ಟೆಕ್ನಿಕಲ್ ಫೌಲ್, ಅಂದರೆ ದಂಡನೆಗೆ ಒಳಗಾಗುವ ನಿಯಮಭಂಗ.